ಹಾರ್ಮೋನ್‌ಗಳು ಮತ್ತು ರಕ್ತ ತಯಾರಿಸುವ ಕಾಂಡಕೋಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತ ಪರೀಕ್ಷೆಯ ವರದಿ ಕೈಗೆ ಬಂದಾಗ ನಮ್ಮ ಕಣ್ಣು ಹೋಗುವುದು ಸಂಖ್ಯೆಗಳ ಕಡೆಗೆ. ಹಿಮೋಗ್ಲೋಬಿನ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಬಿಳಿ ಕಣ ಎಷ್ಟು. ಈ ಸಂಖ್ಯೆಗಳನ್ನು ಏರಿಸಿ ಇಳಿಸುವ ಕೆಲಸ ಮೂಳೆಯ ಒಳಗೆ, ಮಜ್ಜೆಯಲ್ಲಿ ನಡೆಯುತ್ತದೆ. ಅದರ ಹಿಂದೆ ಹಾರ್ಮೋನ್‌ಗಳ ಕೈವಾಡ ಎಷ್ಟಿದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಕೆಲವು ಉತ್ತರ ಉದ್ದವಾಗಿವೆ, ಯಾಕೆಂದರೆ ಅಲ್ಲಿ ಹೇಳುವುದಕ್ಕೆ ಜಾಸ್ತಿ ಇದೆ.

ರಕ್ತದ ಕಾಂಡಕೋಶ ಅಂದರೆ ಯಾವುದು? ಎಲ್ಲ ರಕ್ತಕಣಗಳೂ ಅದರಿಂದಲೇ ಬರುತ್ತವಾ?

ಹೌದು. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರಕ್ಕೂ ಮೂಲ ಒಂದೇ ಬಗೆಯ ಕೋಶ. ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1961ರಲ್ಲಿ. ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಾಕ್ ವಿಕಿರಣದಿಂದ ಮಜ್ಜೆ ಹಾಳಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆ ಕೊಟ್ಟರು. ಸುಮಾರು ಹತ್ತು ದಿನಕ್ಕೆ ಆ ಇಲಿಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೇ ಒಂದು ಕೋಶದಿಂದ ಬೆಳೆದದ್ದು ಎಂದು 1963ರಲ್ಲಿ ತೋರಿಸಿದರು. ಒಂದೇ ಗಂಟಿನಲ್ಲಿ ಬೇರೆ ಬೇರೆ ಬಗೆಯ ರಕ್ತಕೋಶಗಳು ಇದ್ದವು.

ವಯಸ್ಕರ ದೇಹ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣ ತಯಾರಿಸುತ್ತದೆ. ಅಂದರೆ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ. ಇಷ್ಟೆಲ್ಲ ಕೆಲಸದ ಮೂಲದಲ್ಲಿರುವ ಕಾಂಡಕೋಶ ಮಾತ್ರ ಹೆಚ್ಚು ಹೊತ್ತು ಸುಮ್ನೆ ಇರುತ್ತದೆ! ಅದು ತೀರಾ ಅಪರೂಪಕ್ಕೆ ಒಡೆದು ಎರಡಾಗುತ್ತದೆ. ಮನುಷ್ಯರಲ್ಲಿ ಇದು ತಿಂಗಳುಗಟ್ಟಲೆ ಅಂತರದಲ್ಲಿ ನಡೆಯುವ ಸಂಗತಿ. ಒಮ್ಮೆ ಎದ್ದು ಕೆಲಸಕ್ಕೆ ಇಳಿದರೆ ಅದರ ಮರಿಕೋಶಗಳು, ಅವುಗಳ ಮರಿಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೋಟಿಗಟ್ಟಲೆ ಹೆಚ್ಚುತ್ತವೆ.

ನಾನು ಇದನ್ನು ಬಿತ್ತನೆ ಬೀಜಕ್ಕೆ ಹೋಲಿಸುತ್ತೇನೆ. ಬಿತ್ತನೆಗೆ ಎಂದು ತೆಗೆದಿಟ್ಟ ಕಾಳನ್ನು ಉಂಡು ಮುಗಿಸಿದರೆ ಮುಂದಿನ ಬೆಳೆ ಇಲ್ಲ. ಕಾಂಡಕೋಶವೂ ಪದೇ ಪದೇ ಒಡೆದರೆ ಸೊರಗುತ್ತದೆ, ಅದರ ಡಿಎನ್‌ಎಯಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ. ಆದ್ದರಿಂದ ಯಾವುದೇ ಹಾರ್ಮೋನ್ ಬಗ್ಗೆ ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿ ಇರಲಿ. ಇದು ಬೀಜವನ್ನು ಕಾಯುತ್ತದೆಯೋ, ಖರ್ಚು ಮಾಡಿಸುತ್ತದೆಯೋ?

ಹಾರ್ಮೋನ್ ಹೋಗಿ ನೇರವಾಗಿ ಕಾಂಡಕೋಶವನ್ನೇ ಮುಟ್ಟುತ್ತದಾ?

ಕೆಲವು ಮುಟ್ಟುತ್ತವೆ. ಹಾರ್ಮೋನ್ ಹಿಡಿಯುವ ಗ್ರಾಹಕ ಕಾಂಡಕೋಶದಲ್ಲೇ ಇದ್ದರೆ ಮಾತು ನೇರ. ಪ್ಲೇಟ್‌ಲೆಟ್ ಹೆಚ್ಚಿಸುವ ಥ್ರಾಂಬೊಪೊಯಿಟಿನ್ ಎಂಬ ಹಾರ್ಮೋನ್ ಹಾಗೆ. ಇಲಿಗಳಲ್ಲಿ ಈಸ್ಟ್ರೋಜನ್ ಕೂಡ ಹಾಗೆ.

ಇನ್ನು ಕೆಲವು ಅಕ್ಕಪಕ್ಕದವರ ಮೂಲಕ ಬರುತ್ತವೆ. ಕಾಂಡಕೋಶ ಮಜ್ಜೆಯಲ್ಲಿ ಒಂಟಿಯಾಗಿ ಇರುವುದಿಲ್ಲ. ರಕ್ತನಾಳದ ಗೋಡೆ, ಅದಕ್ಕೆ ಅಂಟಿದ ಆಸರೆ ಕೋಶಗಳು, ಮೂಳೆ ಕಟ್ಟುವ ಕೋಶಗಳು, ಕೊಬ್ಬಿನ ಕೋಶಗಳು, ನರದ ತುದಿಗಳು, ಎಲ್ಲ ಸೇರಿ ಅದಕ್ಕೊಂದು ಗೂಡು ಕಟ್ಟಿರುತ್ತವೆ. ಇಂಥ ಗೂಡು ಇರಲೇಬೇಕು ಎಂದು 1978ರಲ್ಲಿ ರೇ ಸ್ಕೋಫೀಲ್ಡ್ ವಾದ ಮಂಡಿಸಿದರು. ಗೂಡಿನ ಕೋಶಗಳು ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನ್ ಹೊರಬಿಟ್ಟು ಕಾಂಡಕೋಶವನ್ನು ಅಲ್ಲೇ ಹಿಡಿದಿಡುತ್ತವೆ. ಹಾರ್ಮೋನ್ ಆ ಗೂಡನ್ನು ಬದಲಿಸಿದರೆ ಒಳಗಿರುವ ಕಾಂಡಕೋಶದ ಗತಿಯೂ ಬದಲಾಗುತ್ತದೆ.

ಮೂರನೇ ಬಗೆಯೇ ನಮಗೆ ಔಷಧಿಯಾಗಿ ಹೆಚ್ಚು ಪರಿಚಿತ. ಅಲ್ಲಿ ಹಾರ್ಮೋನ್ ಕಾಂಡಕೋಶದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅದು ಹಿಡಿಯುವುದು ಕೆಳಗಿನ ಮೆಟ್ಟಿಲಿನ ಮರಿಕೋಶಗಳನ್ನು.

ಕಿಡ್ನಿ ತೊಂದರೆ ಇರುವವರಿಗೆ ಕೊಡುವ ಎರಿತ್ರೋಪೊಯಿಟಿನ್ ಇಂಜೆಕ್ಷನ್ ಕಾಂಡಕೋಶಗಳನ್ನು ಹೆಚ್ಚಿಸುತ್ತದಾ?

ಅದರ ಮುಖ್ಯ ಕೆಲಸ ಅದಲ್ಲ. ಕೆಂಪು ಕಣ ಆಗುವ ದಾರಿ ಹಿಡಿದಾಗಿರುವ ಮರಿಕೋಶಗಳನ್ನು ಇದು ಸಾಯದಂತೆ ಉಳಿಸುತ್ತದೆ. ಎರಿತ್ರೋಪೊಯಿಟಿನ್ ಸಿಗದಿದ್ದರೆ ಅವುಗಳಲ್ಲಿ ಬಹುಪಾಲು ಸತ್ತುಹೋಗುತ್ತವೆ. ಅದು ಧಾರಾಳವಾಗಿ ಸಿಕ್ಕಿದರೆ ಜಾಸ್ತಿ ಕೋಶಗಳು ಉಳಿದು ಕೆಂಪು ಕಣಗಳಾಗುತ್ತವೆ. ಅದರ ಮಟ್ಟ ತುಂಬಾ ಏರಿದಾಗ ಕಾಂಡಕೋಶವೇ ಕೆಂಪು ಕಣದ ದಾರಿಯ ಕಡೆ ವಾಲುತ್ತದೆ ಎಂದು ಇಲಿಗಳಲ್ಲಿ ಕಂಡಿದೆ.

ಈ ಹಾರ್ಮೋನ್ ಸಿಕ್ಕ ಕಥೆಯನ್ನು ಹೇಳಲೇಬೇಕು. ಇಂಥದ್ದೊಂದು ವಸ್ತು ರಕ್ತದಲ್ಲಿದೆ ಎಂದು 1906ರಲ್ಲೇ ಪ್ಯಾರಿಸ್‌ನಲ್ಲಿ ಪಾಲ್ ಕಾರ್ನೋ ಮತ್ತು ಅವರ ಸಹಾಯಕಿ ಹೇಳಿದ್ದರು. ಅದನ್ನು ಶುದ್ಧವಾಗಿ ಹಿಡಿಯಲು 1977ರವರೆಗೆ ಕಾಯಬೇಕಾಯಿತು. ಷಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ತಂಡಕ್ಕೆ ಜಪಾನಿನ ತಕಾಜಿ ಮಿಯಾಕೆ 2,550 ಲೀಟರ್ ಮೂತ್ರದಿಂದ ತೆಗೆದ ಸಾರವನ್ನು ತಂದುಕೊಟ್ಟರು. ಅದು ಅಪ್ಲಾಸ್ಟಿಕ್ ಅನೀಮಿಯಾ ರೋಗಿಗಳ ಮೂತ್ರ. ಆ ರೋಗಿಗಳೇ ಯಾಕೆ? ಅವರ ಮಜ್ಜೆ ಬರಿದಾಗಿರುತ್ತದೆ. ರಕ್ತ ಕಡಿಮೆ, ಆಕ್ಸಿಜನ್ ಸಾಲುತ್ತಿಲ್ಲ ಎಂದು ಕಿಡ್ನಿ ಎರಿತ್ರೋಪೊಯಿಟಿನ್ ಕಳಿಸುತ್ತಲೇ ಇರುತ್ತದೆ. ಕೇಳಿಸಿಕೊಳ್ಳುವ ಕೋಶಗಳೇ ಇಲ್ಲ. ಹಾರ್ಮೋನ್ ರಕ್ತದಲ್ಲಿ ತುಂಬಿ ಮೂತ್ರದಲ್ಲೂ ಹರಿದುಹೋಗುತ್ತದೆ. ಅಷ್ಟು ಮೂತ್ರದಿಂದ ಕೊನೆಗೆ ಕೈಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಆ ಚೂರು ಪ್ರೋಟೀನೇ ಜೀನ್ ಹುಡುಕಲು ದಾರಿ ಮಾಡಿತು, 1989ರಲ್ಲಿ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ಕಾಯಿಲೆಯವರ ಮೂತ್ರದಿಂದ ಬಂದ ಆ ಅರಿವು ಎಷ್ಟೋ ಡಯಾಲಿಸಿಸ್ ರೋಗಿಗಳನ್ನು ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಕಷ್ಟದಿಂದ ಬಿಡಿಸಿದೆ. ನನಗೆ ಇದು ಇಡೀ ವಿಷಯದಲ್ಲೇ ಮನಸ್ಸಿಗೆ ಹತ್ತಿರವಾದ ಭಾಗ.

ಆಕ್ಸಿಜನ್ ಕಡಿಮೆಯಾದದ್ದು ಕಿಡ್ನಿಗೆ ಹೇಗೆ ಗೊತ್ತಾಗುತ್ತದೆ ಎಂದು ಬಿಡಿಸಿ ತೋರಿಸಿದ್ದಕ್ಕೆ ಗ್ರೆಗ್ ಸೆಮೆಂಜಾ, ಪೀಟರ್ ರಾಟ್‌ಕ್ಲಿಫ್ ಮತ್ತು ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಪ್ಲೇಟ್‌ಲೆಟ್ ಹೆಚ್ಚಿಸುವ ಹಾರ್ಮೋನ್‌ಗೂ ಕಾಂಡಕೋಶಕ್ಕೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ಹೆಸರು ನೋಡಿ ಮೋಸಹೋಗಬೇಡಿ.

ಥ್ರಾಂಬೊಪೊಯಿಟಿನ್ ಹೆಚ್ಚಾಗಿ ಲಿವರ್‌ನಲ್ಲಿ ತಯಾರಾಗುತ್ತದೆ. 1994ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ಇದರ ಜೀನ್ ಪತ್ತೆ ಮಾಡಿದವು. ಪ್ಲೇಟ್‌ಲೆಟ್‌ಗಳು ಇದನ್ನು ಹೀರಿಕೊಳ್ಳುತ್ತವೆ. ಪ್ಲೇಟ್‌ಲೆಟ್ ಕಡಿಮೆಯಾದರೆ ಹೀರುವವರು ಕಡಿಮೆ, ರಕ್ತದಲ್ಲಿ ಹಾರ್ಮೋನ್ ಜಾಸ್ತಿ ಉಳಿಯುತ್ತದೆ. ಆಗ ಮಜ್ಜೆ ಹೆಚ್ಚು ಪ್ಲೇಟ್‌ಲೆಟ್ ತಯಾರಿಸುತ್ತದೆ. ಎಷ್ಟು ಸರಳ ಲೆಕ್ಕ ಅಲ್ವಾ?

ಇದೇ ಹಾರ್ಮೋನಿನ ಗ್ರಾಹಕ ಕಾಂಡಕೋಶದ ಮೇಲೂ ಇದೆ. ಅಲ್ಲಿ ಅದು ಬೇರೆಯದೇ ಕೆಲಸ ಮಾಡುತ್ತದೆ. ಕಾಂಡಕೋಶ ವಿಶ್ರಾಂತಿಯಲ್ಲಿ ಉಳಿಯಲು ನೆರವಾಗುತ್ತದೆ. 2007ರಲ್ಲಿ ಬಂದ ಇಲಿಗಳ ಅಧ್ಯಯನಗಳಲ್ಲಿ ಥ್ರಾಂಬೊಪೊಯಿಟಿನ್ ಇಲ್ಲದ ಕಾಂಡಕೋಶಗಳು ವಿಶ್ರಾಂತಿ ಬಿಟ್ಟು ಒಡೆಯತೊಡಗಿದವು, ಕಾಲ ಕಳೆದಂತೆ ಕರಗಿಹೋದವು. ಬಿತ್ತನೆ ಬೀಜದ ಕಾವಲುಗಾರ ಇದು.

ಮನುಷ್ಯರಲ್ಲಿ ಇದಕ್ಕೆ ನೋವಿನ ಸಾಕ್ಷಿ ಇದೆ. ಕೆಲವು ಮಕ್ಕಳಿಗೆ ಈ ಗ್ರಾಹಕ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಮೊದಲು ಪ್ಲೇಟ್‌ಲೆಟ್ ಮಾತ್ರ ಕಡಿಮೆ ಇರುತ್ತದೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಕೆಂಪು ಕಣ, ಬಿಳಿ ಕಣ ಎರಡೂ ಕುಸಿಯುತ್ತವೆ, ಇಡೀ ಮಜ್ಜೆ ಬರಿದಾಗುತ್ತದೆ. ಬರೀ ಪ್ಲೇಟ್‌ಲೆಟ್ ಹಾರ್ಮೋನ್ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ಚಿಕಿತ್ಸೆಯೂ ಇಲ್ಲಿಂದಲೇ ಹುಟ್ಟಿತು. ಎಲ್ಟ್ರೊಂಬೊಪ್ಯಾಗ್ ಎಂಬ ಮಾತ್ರೆ ಇದೇ ಗ್ರಾಹಕವನ್ನು ಚುರುಕುಗೊಳಿಸುತ್ತದೆ. ಬೇರೆ ಚಿಕಿತ್ಸೆಗೆ ಬಗ್ಗದ ಅಪ್ಲಾಸ್ಟಿಕ್ ಅನೀಮಿಯಾ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕೆಲವರಲ್ಲಿ ಪ್ಲೇಟ್‌ಲೆಟ್ ಜೊತೆಗೆ ಕೆಂಪು ಮತ್ತು ಬಿಳಿ ಕಣಗಳೂ ಏರಿದವು. ವಿಚಿತ್ರ ಏನೆಂದರೆ ಈ ರೋಗಿಗಳ ರಕ್ತದಲ್ಲಿ ಥ್ರಾಂಬೊಪೊಯಿಟಿನ್ ಮೊದಲೇ ಧಾರಾಳವಾಗಿತ್ತು. ಹಾಗಾದರೆ ಮಾತ್ರೆ ಹೇಗೆ ಕೆಲಸ ಮಾಡಿತು? ಒಂದು ವಿವರಣೆ ಹೀಗಿದೆ. ಈ ಕಾಯಿಲೆಯಲ್ಲಿ ಹೆಚ್ಚುವ ಇಂಟರ್‌ಫೆರಾನ್ ಗಾಮಾ ಎಂಬ ವಸ್ತು ಥ್ರಾಂಬೊಪೊಯಿಟಿನ್‌ಗೆ ಅಂಟಿಕೊಂಡು ಅದು ಗ್ರಾಹಕಕ್ಕೆ ಸರಿಯಾಗಿ ಕೂರದಂತೆ ಮಾಡುತ್ತದೆ. ಮಾತ್ರೆಯ ಅಣು ಚಿಕ್ಕದು, ಅದು ಗ್ರಾಹಕದ ಬೇರೊಂದು ಜಾಗದಲ್ಲಿ ಕೂರುತ್ತದೆ. ಹೀಗಾಗಿ ಅದಕ್ಕೆ ಆ ಅಡ್ಡಿ ಇಲ್ಲ.

ಗರ್ಭಿಣಿಯರಲ್ಲಿ ರಕ್ತ ಹೆಚ್ಚಾಗಲು ಈಸ್ಟ್ರೋಜನ್ ಕಾರಣವಾ?

ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಸುಮಾರು 40ರಿಂದ 50 ಪ್ರತಿಶತ ಏರುತ್ತದೆ. ನೀರಿನಂಶ ಕೆಂಪು ಕಣಗಳಿಗಿಂತ ಹೆಚ್ಚು ಏರುವುದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿದಂತೆ ಕಾಣುತ್ತದೆ. ಇದಕ್ಕೆ ಹಲವು ಹಾರ್ಮೋನ್‌ಗಳು ಸೇರಿ ಕೆಲಸ ಮಾಡುತ್ತವೆ, ಎರಿತ್ರೋಪೊಯಿಟಿನ್ ಕೂಡ ಏರುತ್ತದೆ.

ಈಸ್ಟ್ರೋಜನ್ ಪಾತ್ರದ ಬಗ್ಗೆ 2014ರಲ್ಲಿ ಶಾನ್ ಮಾರಿಸನ್ ತಂಡ ಒಂದು ದೊಡ್ಡ ಸುಳಿವು ಕೊಟ್ಟಿತು. ಹೆಣ್ಣು ಇಲಿಯ ರಕ್ತದ ಕಾಂಡಕೋಶಗಳು ಗಂಡು ಇಲಿಯದಕ್ಕಿಂತ ಹೆಚ್ಚು ಸಲ ಒಡೆಯುತ್ತವೆ. ಅಂಡಾಶಯ ತೆಗೆದರೆ ಆ ವೇಗ ಇಳಿಯುತ್ತದೆ. ಗಂಡು ಇಲಿಗೆ ಈಸ್ಟ್ರೋಜನ್ ಕೊಟ್ಟರೆ ಏರುತ್ತದೆ. ಇಲಿ ಗರ್ಭ ಧರಿಸಿದಾಗ ಇನ್ನೂ ಏರುತ್ತದೆ, ಗುಲ್ಮದಲ್ಲೂ ಕೆಂಪು ಕಣ ತಯಾರಾಗತೊಡಗುತ್ತದೆ. ಕಾಂಡಕೋಶದಲ್ಲಿರುವ ಈಸ್ಟ್ರೋಜನ್ ಗ್ರಾಹಕ ಆಲ್ಫಾವನ್ನು ತೆಗೆದುಹಾಕಿದಾಗ ಈ ಏರಿಕೆ ನಿಂತಿತು. ಅಂದರೆ ಮಾತು ನೇರವಾಗಿಯೇ ನಡೆಯುತ್ತಿತ್ತು.

ಬೀಜ ಖರ್ಚಾಗಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಅಲ್ಲೇ ಇದರ ಸೊಗಸು ಇರುವುದು. ಆ ಒಡೆಯುವಿಕೆಯಲ್ಲಿ ಕಾಂಡಕೋಶ ತನ್ನನ್ನೂ ಮತ್ತೆ ತುಂಬಿಕೊಳ್ಳುತ್ತದೆ. ಗರ್ಭಿಣಿ ಇಲಿಯಲ್ಲಿ ಅವುಗಳ ಸಂಖ್ಯೆಯೇ ಹೆಚ್ಚಿತ್ತು.

ಆದರೆ ಅಳತೆ ಮೀರಿದರೆ ಕಥೆ ತಿರುಗುತ್ತದೆ. ನಾಯಿಗಳಿಗೆ ಈಸ್ಟ್ರೋಜನ್ ಹೆಚ್ಚು ಡೋಸ್ ಆದರೆ ಮಜ್ಜೆ ಕುಸಿಯುತ್ತದೆ, ಇದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಫೆರೆಟ್ ಎಂಬ ಮುಂಗುಸಿಯಂತೆ ಕಾಣುವ ಪ್ರಾಣಿಯ ಹೆಣ್ಣು ಬೆದೆಗೆ ಬಂದು ಗಂಡಿನ ಜೊತೆ ಕೂಡದಿದ್ದರೆ ಬೆದೆ ಇಳಿಯುವುದೇ ಇಲ್ಲ. ವಾರಗಟ್ಟಲೆ ಈಸ್ಟ್ರೋಜನ್ ಮೇಲೆಯೇ ನಿಂತು ಮಜ್ಜೆ ಸೊರಗಿ ಅದು ಸತ್ತೇ ಹೋಗಬಹುದು. ಒಂದೇ ಹಾರ್ಮೋನ್ ಪ್ರಾಣಿಯಿಂದ ಪ್ರಾಣಿಗೆ, ಅಳತೆಯಿಂದ ಅಳತೆಗೆ ಇಷ್ಟು ಬೇರೆಯಾಗಿ ನಡೆದುಕೊಳ್ಳುತ್ತದೆ.

ಗಂಡಸರ ಹಿಮೋಗ್ಲೋಬಿನ್ ಹೆಚ್ಚಿರುವುದು ಟೆಸ್ಟೋಸ್ಟಿರೋನ್‌ನಿಂದಲಾ?

ಬಹುಮಟ್ಟಿಗೆ ಹೌದು. ಚಿಕ್ಕ ವಯಸ್ಸಿನಲ್ಲಿ ಹುಡುಗ ಹುಡುಗಿಯರ ನಡುವೆ ಅಂತರ ಅಷ್ಟಾಗಿ ಇರುವುದಿಲ್ಲ. ಹುಡುಗರು ಪ್ರಾಯಕ್ಕೆ ಬಂದಾಗ ಅದು ಎದ್ದು ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗಂಡಸರಲ್ಲಿ 13 ಗ್ರಾಂಗಿಂತ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಇದು 100 ಮಿಲಿಲೀಟರ್ ರಕ್ತದ ಲೆಕ್ಕ. ಮುಟ್ಟಿನಲ್ಲಿ ಕಬ್ಬಿಣದ ಅಂಶ ಹೋಗುವುದೂ ಈ ಅಂತರಕ್ಕೆ ಸೇರಿಕೊಳ್ಳುತ್ತದೆ. ಟೆಸ್ಟೋಸ್ಟಿರೋನ್ ಎರಿತ್ರೋಪೊಯಿಟಿನ್ ಏರಿಸುತ್ತದೆ. ಕಬ್ಬಿಣವನ್ನು ತಡೆಹಿಡಿಯುವ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ.

ಕಾಂಡಕೋಶದ ಮಟ್ಟದಲ್ಲೂ ಒಂದು ವಿಷಯ ಇದೆ. 1950ರ ದಶಕದ ಕೊನೆಯಿಂದಲೇ ಅಪ್ಲಾಸ್ಟಿಕ್ ಅನೀಮಿಯಾ ಇದ್ದ ಮಕ್ಕಳಿಗೆ ಟೆಸ್ಟೋಸ್ಟಿರೋನ್ ಕೊಟ್ಟಾಗ ಕೆಲವರು ಚೇತರಿಸಿಕೊಂಡಿದ್ದರು. ಹೇಗೆ ಎನ್ನುವುದು ಎಷ್ಟೋ ವರ್ಷ ಬಗೆಹರಿದಿರಲಿಲ್ಲ. ಕ್ರೋಮೋಸೋಮ್ ತುದಿಯಲ್ಲಿ ಟೆಲೋಮಿಯರ್ ಎಂಬ ಕಾಪು ಇರುತ್ತದೆ. ಕೋಶ ಒಡೆದಾಗಲೆಲ್ಲ ಅದು ಸವೆಯುತ್ತದೆ. ಟೆಲೋಮರೇಸ್ ಎಂಬ ಕಿಣ್ವ ಅದನ್ನು ಮತ್ತೆ ತುಂಬುತ್ತದೆ. ಈ ಗುಂಪಿನ ಹಾರ್ಮೋನ್‌ಗಳು ಆ ಕಿಣ್ವವನ್ನು ಹೆಚ್ಚಿಸುತ್ತವೆ. ಅದೂ ಟೆಸ್ಟೋಸ್ಟಿರೋನ್ ದೇಹದಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಟ್ಟು, ಈಸ್ಟ್ರೋಜನ್ ಗ್ರಾಹಕದ ಮೂಲಕ! ಟೆಲೋಮಿಯರ್ ಕಾಯಿಲೆ ಇದ್ದ 27 ರೋಗಿಗಳಿಗೆ ಡನಜೋಲ್ ಎಂಬ ಇದೇ ಜಾತಿಯ ಔಷಧಿ ಕೊಟ್ಟ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸವೆತ ನಿಧಾನವಾದರೆ ಸಾಕು ಎಂದುಕೊಂಡಿದ್ದರು. ಪರೀಕ್ಷಿಸಿದ ಹೆಚ್ಚಿನವರಲ್ಲಿ ಟೆಲೋಮಿಯರ್ ಉದ್ದವೇ ಆಗಿತ್ತು.

ಚಿಂತೆ, ಒತ್ತಡ ರಕ್ತಕ್ಕೂ ತಟ್ಟುತ್ತದಾ?

ತಟ್ಟುತ್ತದೆ. ಒತ್ತಡದ ಹೊತ್ತಿನಲ್ಲಿ ದೇಹವನ್ನು ಎಚ್ಚರಿಸುವ ಸಿಂಪಥೆಟಿಕ್ ನರಗಳು ಮಜ್ಜೆಗೂ ಹೋಗುತ್ತವೆ. ಅವುಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹೊರಬಂದು ಗೂಡಿನ ಕೋಶಗಳನ್ನು ಮುಟ್ಟುತ್ತದೆ. ಆಗ ಅವು ಸಿಎಕ್ಸ್‌ಸಿಎಲ್12 ಕಡಿಮೆ ಮಾಡುತ್ತವೆ. ಹಿಡಿತ ಸಡಿಲವಾಗಿ ಕೆಲವು ಕಾಂಡಕೋಶಗಳು ರಕ್ತಕ್ಕೆ ಇಳಿಯುತ್ತವೆ.

ಇದು ಒತ್ತಡ ಇಲ್ಲದಾಗಲೂ ದಿನವೂ ನಡೆಯುವ ಲಯ. ಪಾಲ್ ಫ್ರೆನೆಟ್ ತಂಡ 2008ರಲ್ಲಿ ಇದನ್ನು ತೋರಿಸಿತು. ಇಲಿ ಹಗಲು ಮಲಗುವ ಪ್ರಾಣಿ, ಅದರಲ್ಲಿ ಹಗಲು ಹೊತ್ತು ಹೆಚ್ಚು ಕಾಂಡಕೋಶ ರಕ್ತದಲ್ಲಿರುತ್ತದೆ. ಮನುಷ್ಯರಲ್ಲಿ ಲಯ ತಿರುಗುಮುರುಗು, ಸಂಜೆಯ ಕಡೆ ಜಾಸ್ತಿ.

ಒತ್ತಡ ದಿನಗಟ್ಟಲೆ ಮುಂದುವರಿದರೆ ಆಗುವುದು ಬೇರೆ. 2014ರ ಒಂದು ಅಧ್ಯಯನದಲ್ಲಿ ಸತತ ಒತ್ತಡಕ್ಕೆ ಸಿಕ್ಕ ಇಲಿಗಳ ಕಾಂಡಕೋಶಗಳು ವಿಶ್ರಾಂತಿ ಬಿಟ್ಟು ಹೆಚ್ಚು ಬಿಳಿ ಕಣ ತಯಾರಿಸಿದವು, ಉರಿಯೂತ ಹೆಚ್ಚಿಸುವಂಥವು. ಅದೇ ತಂಡ ತೀವ್ರ ನಿಗಾ ಘಟಕದಲ್ಲಿ ಒಂದು ವಾರ ದುಡಿದ ಕಿರಿಯ ವೈದ್ಯರ ರಕ್ತವನ್ನೂ ನೋಡಿತು. ಅವರಲ್ಲೂ ಬಿಳಿ ಕಣ ಏರಿತ್ತು. ರಕ್ತನಾಳದಲ್ಲಿ ಕೊಬ್ಬು ಕಟ್ಟುವ ಕಾಯಿಲೆಗೆ ಒತ್ತಡ ಹೇಗೆ ಸೇರಿಕೊಳ್ಳುತ್ತದೆ ಎನ್ನುವುದಕ್ಕೆ ಇದೊಂದು ದಾರಿ. ಯಾರಾದರೂ ‘ಎಲ್ಲ ನಿನ್ನ ಮನಸ್ಸಿನಲ್ಲೇ ಇರುವುದು’ ಎಂದರೆ ಈ ಮಜ್ಜೆಯ ವಿಷಯ ಹೇಳಿ.

ಸ್ಟಿರಾಯ್ಡ್ ಮಾತ್ರೆ ಶುರುವಾದ ಮೇಲೆ ಬಿಳಿ ಕಣ ಏರಿದೆ. ಸೋಂಕಾ?

ಇರಲೇಬೇಕೆಂದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ದೊಡ್ಡ ಪಾಲು ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತದೆ. ಸ್ಟಿರಾಯ್ಡ್ ಅವನ್ನು ಬಿಡಿಸಿ ಹರಿವಿಗೆ ತರುತ್ತದೆ, ಮಜ್ಜೆಯಲ್ಲಿ ಸಿದ್ಧವಿದ್ದವನ್ನೂ ಹೊರಗೆ ಕಳಿಸುತ್ತದೆ. ಲಿಂಫೋಸೈಟ್, ಇಯೋಸಿನೋಫಿಲ್ ಎಂಬ ಬೇರೆ ಬಗೆಯ ಬಿಳಿ ಕಣಗಳು ಇಳಿಯುತ್ತವೆ. ಕಾಂಡಕೋಶ ಹೆಚ್ಚು ದುಡಿದು ಆದ ಏರಿಕೆ ಇದಲ್ಲ. ಆದರೂ ಸ್ಟಿರಾಯ್ಡ್ ಸೋಂಕನ್ನು ಮರೆಮಾಚುತ್ತದೆ. ಜ್ವರ ಇದ್ದರೆ ಡಾಕ್ಟರಿಗೆ ಹೇಳಿ.

ಡೈಮಂಡ್ ಬ್ಲ್ಯಾಕ್‌ಫ್ಯಾನ್ ಅನೀಮಿಯಾ ಎಂಬ ಹುಟ್ಟುಕಾಯಿಲೆಯಲ್ಲಿ ಸ್ಟಿರಾಯ್ಡ್ ಬೇರೆ ಕೆಲಸಕ್ಕೆ ಬರುತ್ತದೆ. ಕೆಂಪು ಕಣದ ದಾರಿಯ ಮೊದಲ ಮೆಟ್ಟಿಲಿನ ಮರಿಕೋಶಗಳು ಆತುರಪಡದೆ ಇನ್ನಷ್ಟು ಸಲ ತಮ್ಮಂತಹವೇ ಕೋಶಗಳನ್ನು ಹುಟ್ಟಿಸುವಂತೆ ಅದು ಮಾಡುತ್ತದೆ.

ಥೈರಾಯ್ಡ್ ಕಡಿಮೆ ಇದ್ದರೆ ರಕ್ತ ಕಡಿಮೆಯಾಗುತ್ತದಾ?

ಆಗಬಹುದು. ದೇಹಕ್ಕೆ ಆಕ್ಸಿಜನ್ ಬೇಡಿಕೆ ಇಳಿಯುತ್ತದೆ, ಅದರೊಂದಿಗೆ ಎರಿತ್ರೋಪೊಯಿಟಿನ್ ಕೂಡ. ಮಾತ್ರೆ ಶುರು ಮಾಡಿದ ಕೂಡಲೇ ಹಿಮೋಗ್ಲೋಬಿನ್ ಏರಲಿಲ್ಲ ಎಂದು ಬೇಸರ ಬೇಡ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಸರಿಹೋಗಲು ತಿಂಗಳುಗಳೇ ಬೇಕು.

ಥೈರಾಯ್ಡ್ ಜಾಸ್ತಿ ಇರುವವರಿಗೆ ಕೊಡುವ ಕಾರ್ಬಿಮಜೋಲ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಅಪರೂಪಕ್ಕೆ ಅದು ನ್ಯೂಟ್ರೋಫಿಲ್‌ಗಳನ್ನು ಪೂರ್ತಿ ಇಳಿಸಿಬಿಡುತ್ತದೆ. ಈ ಮಾತ್ರೆ ತೆಗೆದುಕೊಳ್ಳುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು.

ಕಾಂಡಕೋಶ ದಾನಿಗಳಿಗೆ ಕೊಡುವ ಇಂಜೆಕ್ಷನ್ ಹಾರ್ಮೋನಾ? ಸಕ್ಕರೆ ಕಾಯಿಲೆ ಅದಕ್ಕೆ ಅಡ್ಡಿಯಾ?

ಜಿಸಿಎಸ್‌ಎಫ್ ಎಂಬ ಆ ಪ್ರೋಟೀನನ್ನು ಸೈಟೊಕೈನ್, ಅಂದರೆ ಕೋಶಗಳ ನಡುವೆ ಸಂದೇಶ ಸಾಗಿಸುವ ಪ್ರೋಟೀನ್‌ಗಳ ಗುಂಪಿಗೆ ಸೇರಿಸುತ್ತಾರೆ. ಎರಿತ್ರೋಪೊಯಿಟಿನ್ ಅದರ ದೂರದ ನೆಂಟ. ನಾಲ್ಕೈದು ದಿನ ಚುಚ್ಚಿದರೆ ಗೂಡಿನ ಹಿಡಿತ ಸಡಿಲವಾಗಿ ಕಾಂಡಕೋಶ ರಕ್ತಕ್ಕೆ ಬರುತ್ತದೆ. ಮೂಳೆ ನೋವು ಸಾಮಾನ್ಯ, ಇಂಜೆಕ್ಷನ್ ಮುಗಿದ ಮೇಲೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಕಾಂಡಕೋಶಗಳು ಇಷ್ಟು ಸುಲಭವಾಗಿ ಹೊರಬರುವುದಿಲ್ಲ. ಇಲಿಗಳಲ್ಲಿ ನೋಡಿದಾಗ ಮಜ್ಜೆಯ ನರಗಳ ಕೆಲಸವೇ ಕೆಟ್ಟಿತ್ತು. ಕಾಲಿನ ನರ ಹಾಳಾಗುವುದು ನಮಗೆ ಗೊತ್ತು, ಮೂಳೆಯ ಒಳಗಿನ ನರವೂ ಅದೇ ಸಾಲಿಗೆ ಸೇರುತ್ತದೆ.

ಹಾಗಾದರೆ ಹಾರ್ಮೋನ್ ತೆಗೆದುಕೊಂಡು ಕಾಂಡಕೋಶ ಹೆಚ್ಚಿಸಿಕೊಳ್ಳಬಹುದಾ?

ಸ್ವಂತಕ್ಕೆ ಖಂಡಿತ ಬೇಡ. ಎರಿತ್ರೋಪೊಯಿಟಿನ್ ಜಾಸ್ತಿಯಾದರೆ ರಕ್ತ ದಪ್ಪವಾಗುತ್ತದೆ, ಹೆಪ್ಪುಗಟ್ಟುತ್ತದೆ, ಪಾರ್ಶ್ವವಾಯು ಆಗಬಹುದು. ಕಿಡ್ನಿ ರೋಗಿಗಳಲ್ಲೂ ಹಿಮೋಗ್ಲೋಬಿನ್ನನ್ನು ಪೂರ್ತಿ ಸಾಮಾನ್ಯ ಮಟ್ಟಕ್ಕೆ ಏರಿಸಲು ಹೋಗಬಾರದು ಎಂದು ದೊಡ್ಡ ಪ್ರಯೋಗಗಳೇ ಕಲಿಸಿವೆ. ಜಿಮ್‌ನಲ್ಲಿ ಯಾರೋ ಕೊಟ್ಟ ಟೆಸ್ಟೋಸ್ಟಿರೋನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಡಾಕ್ಟರ್ ಬರೆದುಕೊಟ್ಟು ತೆಗೆದುಕೊಳ್ಳುವವರಲ್ಲೂ ಹಿಮ್ಯಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 54 ಪ್ರತಿಶತ ದಾಟಿದರೆ ಔಷಧಿ ನಿಲ್ಲಿಸುತ್ತಾರೆ.

ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲೂ ಗೆಲ್ಲುತ್ತದೆ ಎಂದು ನಂಬಿ ಕೂರುವಂತೆಯೂ ಇಲ್ಲ. 2003ರಲ್ಲಿ ಡೇವಿಡ್ ಸ್ಕ್ಯಾಡನ್ ಮತ್ತು ಜೊತೆಗಾರರು ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಬಗ್ಗೆ ಪ್ರಕಟಿಸಿದ್ದನ್ನು ಓದಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆ ಹಾರ್ಮೋನ್ ಮೂಳೆ ಕಟ್ಟುವ ಕೋಶಗಳನ್ನು ಚುರುಕುಗೊಳಿಸಿತು, ಗೂಡು ದೊಡ್ಡದಾಯಿತು, ಇಲಿಗಳಲ್ಲಿ ಕಾಂಡಕೋಶಗಳು ಹೆಚ್ಚಿದವು. ಮಜ್ಜೆ ಕಸಿ ಆದ ಇಲಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು. ಮುಂದೆ ಹೊಕ್ಕುಳಬಳ್ಳಿಯ ರಕ್ತದಿಂದ ಕಸಿ ಮಾಡಿಸಿಕೊಂಡ ಸಣ್ಣ ಗುಂಪಿನ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು. ರಕ್ತಕಣಗಳು ಬೇಗ ಚೇತರಿಸಲಿಲ್ಲ. ಪ್ಯಾರಾಥೈರಾಯ್ಡ್ ಹಾರ್ಮೋನಿನಿಂದ ಮಾಡಿದ ಟೆರಿಪ್ಯಾರಟೈಡ್ ಇಂಜೆಕ್ಷನ್ನನ್ನು ಇವತ್ತು ಬರೆದುಕೊಡುವುದು ಮೂಳೆ ಸವೆತಕ್ಕೆ.